ಟರ್ಬೈನ್ ಲೈನರ್‌ನ ಸೆರಾಮಿಕ್ ಕೋಟಿಂಗ್ ಎದ್ದರೆ, ಅಷ್ಟು ಜಾಗಕ್ಕೆ ಮಾತ್ರ ಸ್ಪ್ರೇ ಹೊಡೆಸಿದರೆ ಸಾಕಾ?

ನಾನು ಪೀಣ್ಯದ ಒಂದು ಕೋಟಿಂಗ್ ಶಾಪ್‌ನಲ್ಲಿ ಪ್ಲಾಸ್ಮಾ ಸ್ಪ್ರೇ (ಪುಡಿಯನ್ನು ವಿಪರೀತ ಬಿಸಿಯಲ್ಲಿ ಕರಗಿಸಿ ಗನ್‌ನಿಂದ ಲೋಹದ ಮೇಲೆ ಹೊಡೆಯುವುದು) ಕೆಲಸ ಮಾಡುತ್ತೇನೆ. ನಿಮ್ಮ ಗ್ಯಾಸ್ ಟರ್ಬೈನಿನ ಕಂಬಸ್ಟರ್ ಲೈನರ್‌ನಲ್ಲಿ, ಅಂದರೆ ಇಂಧನ ಉರಿಯುವ ಕೋಣೆಯ ಒಳಗೋಡೆಯಲ್ಲಿ, ಅಂಗೈಯಗಲ ಬಿಳಿ ಕೋಟಿಂಗ್ ಎದ್ದಿದೆ, ಪ್ಯಾಚ್ ಸಾಕಾ ಅಂತ ಕೇಳಿದ್ದೀರಿ. ಆ ಜಾಗವನ್ನು ಮೊದಲು ಸರಿಯಾಗಿ ನೋಡಬೇಕು.

ಟಾರ್ಚ್ ಓರೆಯಾಗಿ ಹಿಡಿಯಿರಿ. ಅಲ್ಲಿ ತೆಳ್ಳಗೆ ಬಿಳಿ ಉಳಿದಿದ್ದರೆ ಸೆರಾಮಿಕ್ ಪದರದೊಳಗೇ ಒಡೆದಿದೆ. ತಯಾರಕರ ಮ್ಯಾನ್ಯುಯಲ್ ಒಪ್ಪುವ ಅಳತೆಯೊಳಗಿದ್ದರೆ ಪ್ಯಾಚ್ ಬಗ್ಗೆ ಯೋಚಿಸಬಹುದು. ಆದರೆ ಬೂದು ಬಣ್ಣದ ಒರಟು ಲೋಹ ಕಂಡರೆ ಪ್ಯಾಚ್ ಬೇಡ.

ಯಾಕೆ ಅಂದರೆ, ಆ ಬೂದು ಪದರವೇ ಬಾಂಡ್ ಕೋಟ್, ಸೆರಾಮಿಕ್ ಅನ್ನು ಲೈನರ್‌ನ ಲೋಹಕ್ಕೆ ಹಿಡಿದಿಡುವ ಪದರ. ನಿಕಲ್ ಅಥವಾ ಕೋಬಾಲ್ಟ್ ಜೊತೆ ಕ್ರೋಮಿಯಂ, ಅಲ್ಯೂಮಿನಿಯಂ, ಇಟ್ರಿಯಂ ಸೇರಿದ್ದು. ಮೇಲಿನ ಬಿಳಿ, 7-8% ಇಟ್ರಿಯಾ ಬೆರೆಸಿದ ಜಿರ್ಕೋನಿಯಾ. ಬಿಸಿಗೆ ಬಾಂಡ್ ಕೋಟ್ ಮೇಲೆ ಅಲ್ಯೂಮಿನಾದ ತೆಳು ಪೊರೆ ಕಟ್ಟುತ್ತದೆ. ಮೊದಮೊದಲು ಅದೇ ಕಾಪಾಡುವುದು. ಓಡುತ್ತಾ ಓಡುತ್ತಾ ಪೊರೆ ದಪ್ಪಗಾಗುತ್ತದೆ, ಕೆಳಗೆ ಅಲ್ಯೂಮಿನಿಯಂ ಬರಿದಾಗುತ್ತದೆ. ಸೆರಾಮಿಕ್, ಲೋಹ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಪ್ರತಿ ಸ್ಟಾರ್ಟ್-ಸ್ಟಾಪ್‌ನಲ್ಲೂ ಎಳೆದಾಡಿ ಕೊನೆಗೆ ಸೆರಾಮಿಕ್ ಆ ಪೊರೆಯ ಹತ್ತಿರವೇ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಹೊಸದಾಗಿ ಹೊಡೆಯುವುದು ತೇವದ ಗೋಡೆಗೆ ಪೇಂಟ್ ಬಳಿದ ಹಾಗೆ.

ಹಾಗಾಗಿ ಎರಡೂ ಪದರ ತೆಗೆಸಿ. ಲೈನರ್‌ನ ಬರಿ ಲೋಹ ಕಂಡ ಮೇಲೆ ಫ್ಲೋರೊಸೆಂಟ್ ಪೆನೆಟ್ರಂಟ್ ಪರೀಕ್ಷೆ (ಬಿರುಕಿನೊಳಗೆ ಇಳಿದು ಯುವಿ ಬೆಳಕಿಗೆ ಹೊಳೆಯುವ ದ್ರವ ಹಚ್ಚಿ ನೋಡುವುದು) ಮಾಡಿಸಿ. ಕೂಲಿಂಗ್ ತೂತುಗಳ (ಲೈನರ್ ತಣ್ಣಗಿಡುವ ಗಾಳಿ ಹೋಗುವ ತೂತುಗಳು) ಅಂಚಿನಲ್ಲಿ, ಹಳೇ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆ ಬಿರುಕುಗಳಿದ್ದರೆ ಹೊಳೆಯುತ್ತವೆ. ಕೋಟಿಂಗ್ ಇದ್ದಾಗ ಅವು ಕಾಣುವುದೇ ಇಲ್ಲ. ಬಿರುಕುಗಳಿಗೆ ವೆಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್ ಮುಗಿಸಿ, ಗ್ರಿಟ್ ಬ್ಲಾಸ್ಟ್ ಮಾಡಿ (ಚೂಪು ಕಣ ಹೊಡೆದು ಮೈ ಒರಟು ಮಾಡಿ), ಬರಿಗೈಯಲ್ಲಿ ಮುಟ್ಟದೆ ಬೇಗ ಸ್ಪ್ರೇಗೆ ಕೊಡಬೇಕು.

"ಸ್ವಲ್ಪ ದಪ್ಪ ಹೊಡೀರಿ, ಜಾಸ್ತಿ ದಿನ ಬರಲಿ" ಅಂತ ಎಷ್ಟೋ ಜನ ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ದಪ್ಪಗಾದಷ್ಟೂ ಒಳಗೆ ಒತ್ತಡ ಕೂರುತ್ತದೆ, ಬೇಗ ಎದ್ದು ಬರುತ್ತದೆ. ತೂತುಗಳೂ ಕಿರಿದಾಗುತ್ತವೆ. ಸ್ಪ್ರೇ ಆದ ಮೇಲೆ ತೂತು ಬಿಡಿಸಿದ್ದಾರಾ, ಗಾಳಿ ಹರಿವು ಅಳೆದಿದ್ದಾರಾ ಅಂತ ಕೇಳಿ. ತೂತು ಮುಚ್ಚಿಕೊಂಡರೆ ಎಂಥಾ ಒಳ್ಳೆ ಕೋಟಿಂಗ್ ಇದ್ದರೂ ಲೋಹ ಬೇಯುತ್ತದೆ.

ಬೆಂಗಳೂರಿನಲ್ಲೇ ಮಾಡಿಸಬಹುದಾ ಅಂದಿರಿ. ಆಗುತ್ತದೆ. ಅದೇ ದಿನ ಅದೇ ಗನ್‌ನಿಂದ ಹೊಡೆದ ಸ್ಯಾಂಪಲ್ ತುಂಡನ್ನು ಕೊಯ್ದು ಮೈಕ್ರೋಸ್ಕೋಪಿನಲ್ಲಿ ತೋರಿಸುವ ಶಾಪ್‌ಗೆ ಕೊಡಿ. ವಿಮಾನದ ಇಂಜಿನ್ ಭಾಗವಾದರೆ ಅನುಮೋದಿತ ಶಾಪ್ ಬಿಟ್ಟು ಬೇರೆ ದಾರಿ ಇಲ್ಲ.

ಇನ್ನೊಂದು ಮಾತು. ಹೋದ ಸಲವೂ ಇದೇ ಜಾಗದಲ್ಲಿ ಎದ್ದಿತ್ತಾ? ಹಾಗಿದ್ದರೆ ಫ್ಯೂಯಲ್ ನಾಝಲ್ (ಇಂಧನ ಚಿಮ್ಮಿಸುವ ಮೂತಿ) ಮೇಲೆ ಅನುಮಾನ ಪಡಿ. ಉರಿ ಒಂದೇ ಕಡೆ ವಾಲಿದರೆ ಅಲ್ಲೇ ಸುಡುತ್ತದೆ. ಲೈನರ್ ಬಿಚ್ಚುವ ಮುಂಚೆ ಯಾವ ನಾಝಲ್ ಯಾವ ಲೈನರ್‌ಗೆ ಅಂತ ಗುರುತು ಹಾಕಿ, ನಾಝಲ್‌ಗಳನ್ನೂ ಫ್ಲೋ ಟೆಸ್ಟ್‌ಗೆ ಕಳಿಸಿ.