ಮುಂಬೈ–ಲಂಡನ್ ವಿಮಾನಕ್ಕೆ ಎಷ್ಟು ಹೊತ್ತು? ಬರುವಾಗ ಯಾಕೆ ಕಡಿಮೆ?

ಮುಂಬೈಯಿಂದ ಲಂಡನ್‌ಗೆ ನೇರ ದೂರ ಸುಮಾರು 7,200 ಕಿ.ಮೀ. ತಡೆಯಿಲ್ಲದ ವಿಮಾನವಾದರೆ ಹೋಗಲು ಹತ್ತು ಗಂಟೆಯ ಆಸುಪಾಸು, ಬರಲು ಒಂಬತ್ತರ ಆಸುಪಾಸು. ಮುಂಬೈಯ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದವರು ಮಂಗಳೂರು ಮುಟ್ಟುವ ಮೊದಲೇ ನೀವು ಲಂಡನ್‌ನಲ್ಲಿ ಇಳಿದಿರುತ್ತೀರಿ!

ವ್ಯತ್ಯಾಸ ಯಾಕೆ? ಭೂಮಿ ತಿರುಗುವುದರಿಂದ ಲಂಡನ್ ಹತ್ತಿರ ಬರುತ್ತದೆ, ದೂರ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಸುಮ್ನೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದಲ್ವಾ? ನಿಜವಾದ ಕಾರಣ ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಅದು. ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ದಾಟುತ್ತದೆ. ಹೋಗುವಾಗ ಎದುರಿಗೆ ಬರುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಚಳಿಗಾಲದಲ್ಲಿ ಇದರ ಜೋರು ಇನ್ನೂ ಜಾಸ್ತಿ.

ಟಿಕೆಟ್ ನೋಡುವಾಗ ಮಾತ್ರ ಹುಷಾರು. ಡೊಂಬಿವಲಿಯ ನಮ್ಮ ಅತ್ತೆ ಮಧ್ಯಾಹ್ನ 2ಕ್ಕೆ ಹೊರಟು ಸಂಜೆ 6.30ಕ್ಕೆ ತಲುಪುವ ಟಿಕೆಟ್ ನೋಡಿ, "ನಾಲ್ಕೂವರೆ ಗಂಟೆ ಅಷ್ಟೇನಾ? ಹಾಗಾದರೆ ಬುತ್ತಿ ಯಾಕೆ?" ಅಂದಿದ್ದರು. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ನಾಲ್ಕೂವರೆ. ಅತ್ತೆಯದ್ದು ಚಳಿಗಾಲದ ಟಿಕೆಟ್; ಆ ಐದೂವರೆ ಸೇರಿಸಿದರೆ ಸರಿಯಾಗಿ ಹತ್ತು ಗಂಟೆ. ಕೊನೆಗೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋದರು.