ಕ್ರಾಪ್ ಮಾಡಿದರೂ ಪಿಪಿಟಿ ತೂಕ ಇಳಿಯಲಿಲ್ಲವೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇಲೂರು, ಹಳೇಬೀಡು ದೇವಸ್ಥಾನಗಳ ಬಗ್ಗೆ 30 ಸ್ಲೈಡಿನ ಪಿಪಿಟಿ ಮಾಡಿದ್ದೇನೆ. ಫೋಟೊಗಳೆಲ್ಲ ನನ್ನ ಮೊಬೈಲಿನಲ್ಲೇ ತೆಗೆದವು. ಫೈಲು 140 ಎಂಬಿ ಆಗಿದೆ. ಮೇಲ್‌ನಲ್ಲಿ ಹೋಗುತ್ತಿಲ್ಲ. ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಸ್ಲೈಡ್ ಮುಂದಕ್ಕೆ ಹೋಗದೆ ನಿಂತುಬಿಡುತ್ತದೆ. ಬೇಡದ ಭಾಗ ಕ್ರಾಪ್ ಮಾಡಿದೆ, ಜಿಪ್ ಕೂಡ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ.

ಉತ್ತರ: ಮೇಡಂ, ಪವರ್‌ಪಾಯಿಂಟಿನಲ್ಲಿ ಕ್ರಾಪ್ ಮಾಡಿದ ಭಾಗ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ, ಫೈಲಿನಿಂದ ಹೋಗುವುದಿಲ್ಲ. ನೀವು ದರ್ಪಣ ಸುಂದರಿಯನ್ನಷ್ಟೇ ಉಳಿಸಿಕೊಂಡಿರುತ್ತೀರಿ. ಸುತ್ತಲಿನ ಗೋಡೆ, ಸೂರು, ಪ್ರವಾಸಿಗರು ಎಲ್ಲ ಒಳಗೇ ಇರುತ್ತಾರೆ. ಜಿಪ್ ಮಾಡಿದ್ದೂ ವ್ಯರ್ಥವೇ. ಪಿಪಿಟಿಎಕ್ಸ್ ಫೈಲು ಮೊದಲೇ ಒಂದು ಜಿಪ್, ಒಳಗಿನ ಜೆಪೆಗ್ ಫೋಟೊಗಳೂ ಆಗಲೇ ಕುಗ್ಗಿದವು.

ಅದು ಜಿಪ್ ಆಗಿರುವುದು ನಿಮಗೆ ಅನುಕೂಲವೇ. ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯ ಪಿಪಿಟಿಎಕ್ಸ್ ತೆಗೆದು ಜಿಪ್ ಎಂದು ಬರೆಯಿರಿ. ತೆರೆದರೆ 'ಪಿಪಿಟಿ' ಫೋಲ್ಡರ್, ಅದರೊಳಗೆ 'ಮೀಡಿಯಾ' ಸಿಗುತ್ತದೆ. ಸೈಜ್ ಪ್ರಕಾರ ಜೋಡಿಸಿ ನೋಡಿ. ಜಾಗ ತಿನ್ನುತ್ತಿರುವುದು ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಪಿಎನ್‌ಜಿ (ಫೋಟೊಗೆ ಜಾಸ್ತಿ ಜಾಗ ತಿನ್ನುವ ಫೈಲ್ ಮಾದರಿ) ಆಗಿ ಕೂತ ಫೋಟೊ ಇದ್ದರೆ ಜೆಪೆಗ್ ಮಾಡಿ ಮತ್ತೆ ಸೇರಿಸಿ. ಯಾವ ಸ್ಲೈಡಿನಲ್ಲೂ ಕಾಣದ ಚಿತ್ರ ಸಿಕ್ಕರೆ 'ಸ್ಲೈಡ್ ಮಾಸ್ಟರ್' ತೆರೆಯಿರಿ. ಬಳಸದ ಲೇಔಟಿನ ಹಿನ್ನೆಲೆ ಚಿತ್ರ ಸುಮ್ನೆ ಅಲ್ಲಿ ಉಳಿದಿರಬಹುದು.

ಈಗ ಕುಗ್ಗಿಸುವ ಕೆಲಸ. ಮೂಲ ಫೈಲನ್ನು ಬೇರೆ ಕಡೆ ಜೋಪಾನ ಮಾಡಿ, ಕಾಪಿಯಲ್ಲೇ ಮಾಡಿ. ಒಂದು ಫೋಟೊ ಆರಿಸಿ, 'ಪಿಕ್ಚರ್ ಫಾರ್ಮ್ಯಾಟ್'ನಲ್ಲಿ 'ಕಂಪ್ರೆಸ್ ಪಿಕ್ಚರ್ಸ್' ಒತ್ತಿ. 'ಅಪ್ಲೈ ಓನ್ಲಿ ಟು ದಿಸ್ ಪಿಕ್ಚರ್' ಮುಂದಿನ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಆ ಒಂದೇ ಫೋಟೊ ಕುಗ್ಗುತ್ತದೆ. 'ಡಿಲೀಟ್ ಕ್ರಾಪ್ಡ್ ಏರಿಯಾಸ್'ಗೆ ಟಿಕ್ ಇರಲಿ. ಆ ಪ್ರವಾಸಿಗರು ಹೊರಗೆ ಹೋಗುವುದು ಆಗಲೇ.

ಕೆಳಗೆ ರೆಸಲ್ಯೂಷನ್ ಕೇಳುತ್ತದೆ. ಅಲ್ಲಿ ದಯವಿಟ್ಟು 96 ಪಿಪಿಐ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಲೆಕ್ಕ) ಆರಿಸಬೇಡಿ. ಫೈಲು ತೀರಾ ಚಿಕ್ಕದಾಗುತ್ತದೆ, ನಿಜ. ಆದರೆ ಬಳಪದ ಕಲ್ಲಿನಲ್ಲಿ ಕೊರೆದ ಸರದ ಎಳೆಗಳು, ಹಳೇಬೀಡಿನ ತಳಸಾಲಿನ ಆನೆಗಳ ಗೆಜ್ಜೆ ದೊಡ್ಡ ಪರದೆಯಲ್ಲಿ ಮಸುಕಾಗುತ್ತವೆ. ಮಕ್ಕಳಿಗೆ ನೀವು ತೋರಿಸಬೇಕಾದದ್ದೇ ಅದು, ಅಲ್ವಾ? 150 ಸಾಕು. ಅಗಲದ ಸ್ಲೈಡ್ 13.33 ಇಂಚು ಇರುತ್ತದೆ. ಪೂರ್ತಿ ಸ್ಲೈಡ್ ತುಂಬಿದ ಫೋಟೊಗೆ 150ರ ಲೆಕ್ಕದಲ್ಲಿ 2000 ಪಿಕ್ಸೆಲ್ ಅಗಲ ಸಿಗುತ್ತದೆ. ಫುಲ್ ಎಚ್‌ಡಿ ಪ್ರೊಜೆಕ್ಟರ್ ತೋರಿಸುವುದೇ 1920. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಸುಮಾರು 4000 ಅಗಲ ಇರುತ್ತದೆ. ಉಳಿದದ್ದನ್ನು ಪರದೆ ತೋರಿಸುವುದೇ ಇಲ್ಲ, ಕಂಪ್ಯೂಟರ್ ಮಾತ್ರ ಹೊರುತ್ತದೆ.

ಇನ್ನೊಂದು ಮಾತು. ಈ ಪಿಪಿಐ ಲೆಕ್ಕ, ಫೋಟೊ ಸ್ಲೈಡಿನಲ್ಲಿ ಎಷ್ಟು ದೊಡ್ಡದಾಗಿ ಕೂತಿದೆ ಎನ್ನುವುದರ ಮೇಲೆ. ಮೂಲೆಯಲ್ಲಿ ಚಿಕ್ಕದಾಗಿಟ್ಟು ಕುಗ್ಗಿಸಿ, ಆಮೇಲೆ ಎಳೆದು ದೊಡ್ಡದು ಮಾಡಿದರೆ ಮಸುಕೇ. ಸ್ಲೈಡುಗಳ ಜೋಡಣೆ ಪೂರ್ತಿ ಮುಗಿದ ಮೇಲೆ ಕುಗ್ಗಿಸಿ.

ವಿಡಿಯೊ ಇದ್ದರೆ 'ಫೈಲ್'ನ 'ಇನ್ಫೋ'ದಲ್ಲಿ 'ಕಂಪ್ರೆಸ್ ಮೀಡಿಯಾ' ಬೇರೆಯೇ ಇದೆ. ಜಿಮೇಲ್ ಮಿತಿ 25 ಎಂಬಿ. ಕಳಿಸುವಾಗ ಫೈಲು ಸ್ವಲ್ಪ ಹಿಗ್ಗುವುದರಿಂದ 18ರ ಒಳಗೆ ಇಳಿಸಿಕೊಂಡರೆ ನಿಶ್ಚಿಂತೆ. ಶಾಲೆಯಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆ ಆಫೀಸ್ ಇದ್ದರೆ, ಅದರಲ್ಲಿ ಸ್ಲೈಡ್ ಮಾಡುವ ಇಂಪ್ರೆಸ್‌ನ 'ಟೂಲ್ಸ್'ನಲ್ಲಿ 'ಮಿನಿಮೈಸ್ ಪ್ರೆಸೆಂಟೇಷನ್' ಇದೆ. ಕ್ರಾಪ್ ಆದ ಭಾಗ ಅಳಿಸುವುದನ್ನೂ ಅದೇ ಕೇಳಿ ಮಾಡಿಕೊಡುತ್ತದೆ.