ಬೇಸ್‌ಮೆಂಟಿನಲ್ಲಿ ಜಲ ಎದ್ದರೆ

ತಮ್ಮಾ, ನೀನು ಬರೆದದ್ದು ಓದಿದೆ. ಹೊಸನಗರದಿಂದ ಬಂದು ವರ್ಷ ತುಂಬೋ ಮೊದಲೇ ಕೆನಡಾದ ಮಿಸ್ಸಿಸಾಗದಲ್ಲಿ ಮನೆ ನೋಡ್ತಿದ್ದೀಯ ಅಂದ್ರೆ ನನಗಿಂತ ಗಟ್ಟಿಗ. ಶಾಲೆ ಪರವಾಗಿಲ್ಲ. ಚಳಿ ಎರಡನೇ ವರ್ಷಕ್ಕೆ ಒಗ್ಗುತ್ತೆ. ಅಮ್ಮ ಬಂದು ಇರ್ತಾರಾ ಅನ್ನೋದನ್ನ ಅಮ್ಮನನ್ನೇ ಕೇಳು, ನನಗೆ ಹೇಳೋಕೆ ಬರಲ್ಲ. ಆದ್ರೆ “ಬೇಸ್‌ಮೆಂಟ್ ಗೋಡೆ ಬುಡದಲ್ಲಿ ಉಪ್ಪಿನ ಥರ ಬಿಳಿ ಪುಡಿ ಇದೆ, ಸ್ವಲ್ಪ ಮುಗ್ಗಲು ವಾಸನೆ, ಏಜೆಂಟು ಒಂದು ಕೋಟ್ ಬಣ್ಣ ಹೊಡೆದ್ರೆ ಆಯ್ತು ಅಂತಾನೆ, ಮಲೆನಾಡಿನವರಿಗೆ ಇದೆಲ್ಲ ಯಾವ ಲೆಕ್ಕ ಅಲ್ವಾ ಅಣ್ಣ” ಅಂತ ಕೇಳಿದ್ದೀಯಲ್ಲ, ಅದಕ್ಕೆ ಮಾತ್ರ ಉದ್ದ ಬರೀತೀನಿ. ಇದೇ ಮಾತು ನಾನೂ ಆಡಿದ್ದೆ.

ಊರಿನ ಮನೆ ನೆನಪು ಮಾಡ್ಕೋ. ಅಂಗಳದಿಂದ ಮೂರಡಿ ಎತ್ತರದ ಜಗಲಿ, ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಇಳಿದ ಸೂರು, ಮಳೆ ಹಿಡಿಯೋ ಮೊದಲು ಇರಚಲು ಬಡಿಯೋ ಕಡೆಗೆ ಸೋಗೆ ತಟ್ಟಿ. ಅಷ್ಟೆಲ್ಲ ಇದ್ದೂ ಆಷಾಢದಲ್ಲಿ ಅಡುಗೆಮನೆ ಮೂಲೇಲಿ ಜಲ ಏಳ್ತಿತ್ತಲ್ಲ? ಇಲ್ಲಿ ಆ ಜಲದ ನಡುವಿಗೇ ಮನೆ ಇಳಿಸ್ತಾರೆ. ನೆಲ ಹೆಪ್ಪುಗಟ್ಟಿ ಪಾಯ ಎತ್ತದಿರಲಿ ಅಂತ ನಾಲ್ಕಡಿಯಾದರೂ ಆಳಕ್ಕೆ ಹೋಗಲೇಬೇಕು. ಹೇಗೂ ಅಗೆದದ್ದಾಯ್ತು, ಇನ್ನಷ್ಟು ಅಗೆದು ಕೋಣೆ ಮಾಡ್ತಾರೆ. ಗೋಡೆ ಎದ್ದ ಮೇಲೆ ಸುತ್ತ ಮಣ್ಣು ತುಂಬ್ತಾರೆ. ಆ ಸಡಿಲ ಮಣ್ಣು ವರ್ಷ ಹೋದಂತೆ ಕುಸಿದು, ಇಳಿಜಾರು ಮನೆ ಕಡೆಗೇ ತಿರುಗುತ್ತೆ. ಮಳೆ ನೀರು, ಮಾರ್ಚಿನಲ್ಲಿ ಕರಗಿದ ಹಿಮ ಎಲ್ಲ ಅಲ್ಲೇ ನಿಂತು ಗೋಡೇನ ಒತ್ತುತ್ತೆ. ಕಾಂಕ್ರೀಟಿನೊಳಗಿನ ಲವಣ ಕರಗಿಸ್ಕೊಂಡು ಈಚೆ ಬಂದು ಆರುತ್ತೆ. ನೀನು ನೋಡಿದ ಬಿಳಿ ಪುಡಿ ಅದು. ಬಣ್ಣ ಹೊಡೆದ್ರೆ ಕೆಲವು ತಿಂಗಳು ಕಾಣಲ್ಲ, ಆಮೇಲೆ ಬಣ್ಣವೇ ಗುಳ್ಳೆ ಎದ್ದು ಕಳಚುತ್ತೆ.

ನಾನು 2006ರಲ್ಲಿ ತಗೊಂಡ ಮನೆಗೂ ಬಣ್ಣ ಹೊಡೆದೇ ಕೊಟ್ಟಿದ್ರು. ಅದರ ಮೇಲೆ ಜಿಪ್ಸಂ ಹಲಗೆ ಬಡಿಸಿ, ಕಾರ್ಪೆಟ್ ಹಾಸಿ, ಅಪ್ಪಯ್ಯ-ಅಮ್ಮನಿಗೆ ಅಂತ ಕೋಣೆ ಮಾಡಿದೆ. 2009ರ ಬೇಸಗೆಗೆ ಬಂದ್ರು. ಮೂರನೇ ದಿನ ಮಳೆ. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಹೋದವರು ಮೂಲೆ ಪೈಪಿನ ಹತ್ರ ನಿಂತೇಬಿಟ್ರು. ಮಾಡಿನ ನೀರೆಲ್ಲ ಗೋಡೆ ಬುಡಕ್ಕೇ ಬೀಳ್ತಿತ್ತು. “ಇಲ್ಲೊಂದು ಕಪ್ಪು ಹೊಡೀಬೇಕಲ ಮಾರಾಯ” ಅಂದ್ರು, ಅಂದ್ರೆ ನೀರು ಬಸಿದು ಹೋಗೋಕೆ ಕಾಲುವೆ ತೋಡಬೇಕು ಅಂತ. ಮರುದಿನ ನಾನು ಏಳೋದರೊಳಗೆ ಗ್ಯಾರೇಜಿನ ಸಲಿಕೆ ತಗೊಂಡು ಎರಡು ಮಾರು ಉದ್ದ ಅಗೆದೂ ಆಗಿತ್ತು. ಲಾನ್ ಹಾಳಾಯ್ತು, ಪಕ್ಕದವರು ಏನಂದ್ಕೊಳ್ತಾರೆ ಅಂತ ಸಲಿಕೆ ಕಿತ್ಕೊಂಡೆ. “ಇದೇನು ಆಗುಂಬೆಯಾ ಅಪ್ಪಯ್ಯ?” ಅಂತ ಬೇರೆ ಅಂದೆ. ಐವತ್ತು ವರ್ಷ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಸಿದ ಮನುಷ್ಯ. ಒಂದು ಮಾತೂ ಆಡದೆ ಮಣ್ಣನ್ನ ಕಾಲಲ್ಲೇ ಮುಚ್ಚಿ, ಒಳಗೆ ಬಂದು ಕಾಫಿ ಕುಡಿದ್ರು.

2013ರ ಜುಲೈ 8, ಸೋಮವಾರ ಸಂಜೆ. ಇಲ್ಲೇ ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ. ವರ್ಷಕ್ಕೆ 7000 ದಾಟೋ ಆಗುಂಬೆಗೆ ಅದು ಯಾವ ಮೂಲೆಗೆ! ಆದ್ರೆ ನಮ್ಮ ಜಂಬಿಟ್ಟಿಗೆ ನೆಲ ಕುಡೀತದೆ, ಗುಡ್ಡ ಇಳಿಸ್ತದೆ; ನನ್ನ ಹಿತ್ತಲಿನ ಜೇಡಿ ಎರಡೂ ಮಾಡಲ್ಲ. ಕರೆಂಟು ಹೋಯ್ತು, ಸಂಪ್ ಪಂಪೂ ನಿಂತಿತು. (ಇಲ್ಲಿ ಸಂಪ್ ಅಂದ್ರೆ ಕುಡಿಯೋ ನೀರಿನ ತೊಟ್ಟಿ ಅಲ್ಲ, ನೆಲದಡಿಯ ನೀರು ಬಂದು ಸೇರೋ ಗುಂಡಿ.) ಬೆಳಗಾಗೋದರೊಳಗೆ ಕಾರ್ಪೆಟ್ ಮೇಲೆ ಒಂದು ಗೇಣು ನೀರು. ಆಮೇಲೆ ಹಲಗೆ ಕಿತ್ತು ನೋಡಿದ್ರೆ ಹಿಂದೆಲ್ಲ ಕರೀ ಬೂಷ್ಟು. ಒಂದು ರಾತ್ರಿಯದ್ದಲ್ಲ, ವರ್ಷಗಳದ್ದು. ಅವರಿಬ್ಬರನ್ನ ಮಲಗಿಸಿದ್ದು ಅದರ ಪಕ್ಕದಲ್ಲಿ. ಫೋನಿನಲ್ಲಿ “ಸ್ವಲ್ಪ ತೇವ ಆಗಿತ್ತು” ಅಂದೆ. “ಕಪ್ಪು ಹೊಡೆಸಿದ್ಯಾ?” ಅಂದ್ರು. ಹೂಂ ಅಂದೆ. ಹೊಡೆಸಿದ್ದು ಮುಂದಿನ ವರ್ಷ, ಅವರು ಹೋದ ಮೇಲೆ.

ಈಗ ನಿನ್ನ ಮನೆ. ಗೋಡೆಗೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸು. ಎರಡು ದಿನ ಬಿಟ್ಟು ನೋಡು: ಹನಿ ಕೋಣೆ ಕಡೆ ಇದ್ರೆ ಗಾಳಿಯ ತೇವ, ಅದನ್ನ ಹೀರೋ ಡಿಹ್ಯುಮಿಡಿಫೈಯರ್ ಯಂತ್ರ ಸಾಕು; ಗೋಡೆ ಕಡೆ ಇದ್ರೆ ನೀರು ಹೊರಗಿನಿಂದ ಬರ್ತಿದೆ. ಬಂದ್ರೂ ಹೆದರಬೇಡ, ಮೊದಲು ಅಗ್ಗದ ಕೆಲಸ ಮಾಡು. ಮಾಡಿನ ಪೈಪಿನ ಬಾಯಿ ಗೋಡೆಯಿಂದ ಆರಡಿಯಾದರೂ ದೂರ ಒಯ್ಯಿ. ಗೋಡೆಯಿಂದ ಹತ್ತಡಿಗೆ ಆರಿಂಚು ಇಳಿಯೋ ಹಾಗೆ ಮಣ್ಣು ಏರಿಸು. ಎಲೆ ಉದುರಿದ ಮೇಲೆ ಸೂರಿನಂಚಿನ ಗಟರ್ ಬಳಿದು ಸ್ವಚ್ಛ ಮಾಡು. ಮುಕ್ಕಾಲು ಮನೆಗಳ ನೀರು ಇಷ್ಟಕ್ಕೇ ನಿಲ್ಲುತ್ತೆ ಅನ್ನೋದು ನನ್ನ ಅನುಭವ, ಆದ್ರೆ ಯಾವ ಕಂಟ್ರಾಕ್ಟರೂ ಇದನ್ನ ಮೊದಲು ಹೇಳಲ್ಲ.

ಮೇಲಿಂದ ಕೆಳಕ್ಕೆ ಬಿಟ್ಟ ಕೂದಲೆಳೆಯಂಥ ಬಿರುಕಿಗೆ ಒಳಗಿನಿಂದಲೇ ಪಾಲಿಯುರೇಥೇನ್ ಅನ್ನೋ ಅಂಟು ಇಂಜೆಕ್ಷನ್ ಮಾಡಿಸಬಹುದು. ಬಿರುಕು ಅಡ್ಡಡ್ಡ ಇದ್ದು ಗೋಡೆ ಒಳಗೆ ಉಬ್ಬಿದ್ರೆ ಮಾತ್ರ ಆ ಮನೆ ಬಿಡು, ಇಲ್ಲವೇ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸು. ಅದು ಮಣ್ಣಿನ ಒತ್ತಡ. ಹಳೇ ಮನೆಯಾದ್ರೆ ಪಾಯದ ಸುತ್ತ ಇರೋ ವೀಪಿಂಗ್ ಟೈಲ್ ಅನ್ನೋ ತೂತಿನ ಪೈಪು, ಅಂದ್ರೆ ಇವರ ಬಸಿಗಾಲುವೆ, ಕಟ್ಟಿಕೊಂಡಿರಬಹುದು. ಕ್ಯಾಮೆರಾ ಬಿಟ್ಟು ನೋಡಿಸು. ಪಂಪಿಗೆ ಬ್ಯಾಟರಿ ಬೇಕೇ ಬೇಕು. ಚರಂಡಿ ನೀರು ಹಿಂದಕ್ಕೆ ನುಗ್ಗಿದ್ರೆ ಇನ್ಶೂರೆನ್ಸ್ ಸಿಗೋಕೆ ಅದನ್ನ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ನೀರು ನಿಂತ ಬೇಸ್‌ಮೆಂಟಿಗೆ ಕರೆಂಟು ತೆಗೆಸದೆ ಇಳೀಬೇಡ.

ಸಹಿ ಹಾಕೋ ಮುಂಚೆ ಮಳೆ ಬರೋ ದಿನ ಇನ್ನೊಮ್ಮೆ ಹೋಗು. ಛತ್ರಿ ಹಿಡಿದು ಮನೆಗೊಂದು ಸುತ್ತು ಬಂದು, ಪೈಪಿನ ನೀರು ಎತ್ತ ಹೋಗ್ತದೆ ಅಂತ ವಿಡಿಯೋ ಮಾಡಿ ಕಳಿಸು. ಸಲಿಕೆ ಕೊಳ್ಳಬೇಡ, ನನ್ನ ಹತ್ರ ಇದೆ.